ಇಂಜಿನ್ ಆನ್ ಆದ್ರೆ ರಿವರ್ಸ್ ಕ್ಯಾಮೆರಾ ಮಿಣುಕುತ್ತೆ, ಸಹಾಯ ಬೇಕು

ಕಾರಿಗೆ ರಿವರ್ಸ್ ಕ್ಯಾಮೆರಾ ನಾನೇ ಹಾಕ್ತಿದೀನಿ. ಕ್ಯಾಮೆರಾದ ಕೆಂಪು ವೈರ್ ರಿವರ್ಸ್ ಲೈಟಿನ ಪ್ಲಸ್‌ಗೆ, ಕಪ್ಪು ವೈರ್ ಕಾರಿನ ಲೋಹದ ಬಾಡಿಗೆ (ಅರ್ತ್). ವಿಡಿಯೊ ಕೇಬಲ್ ಬಾಗಿಲ ಪಟ್ಟಿಯ ಕೆಳಗಿಂದ ಸ್ಟೀರಿಯೊವರೆಗೆ ಬಂದಿದೆ, ಅದರ ಜೊತೆಗಿನ ತೆಳು ವೈರ್ ಟ್ರಿಗರ್‌ಗೆ (ಕ್ಯಾಮೆರಾ ಚಿತ್ರ ತೋರಿಸು ಅಂತ ಸ್ಟೀರಿಯೊಗೆ ಹೇಳೋ ಸಿಗ್ನಲ್).

ಇಗ್ನಿಷನ್ ಮಾತ್ರ ಆನ್ ಇದ್ರೆ ಚಿತ್ರ ಸ್ವಚ್ಛ. ಇಂಜಿನ್ ಸ್ಟಾರ್ಟ್ ಆದ ಕೂಡ್ಲೇ ಅಡ್ಡ ಗೆರೆಗಳು ಓಡ್ತವೆ, ಮಧ್ಯೆ ಮಧ್ಯೆ ಸ್ಕ್ರೀನ್ ಕಪ್ಪು. ಬಣ್ಣ ಕೆರೆದು ಅರ್ತ್ ಬೇರೆ ಕಡೆ ಕೊಟ್ಟೆ, ಕೇಬಲ್ ಬದಲಾಯಿಸಿದೆ, ಊಹೂಂ. ಕ್ಯಾಮೆರಾಗೆ ಪವರ್ ನೇರ ಬ್ಯಾಟರಿಯಿಂದ ಕೊಟ್ರೆ ಮಾತ್ರ ಇಂಜಿನ್ ಓಡ್ತಿದ್ರೂ ಸರಿ ಇರುತ್ತೆ. ಅಂದ್ರೆ ಲೈಟಿಗೆ ಬರ್ತಿರೋದು ಬಿಟ್ಟು ಬಿಟ್ಟು ಬರೋ ಪಿಡಬ್ಲ್ಯೂಎಂ ಕರೆಂಟು. ಮಲ್ಟಿಮೀಟರ್ ಸರಾಸರಿ ಲೆಕ್ಕ ಹಾಕಿ 13 ವೋಲ್ಟ್ ಅನ್ನುತ್ತೆ, ಅದನ್ನ ನಂಬೋ ಹಾಗಿಲ್ಲ.

ಸರಿ ಅಂತ 12 ವೋಲ್ಟ್ ರಿಲೇ (ಕರೆಂಟಿಂದ ಆನ್-ಆಫ್ ಆಗೋ ಸ್ವಿಚ್) ಹಾಕಿದೆ: ಅದರ 86ನೇ ಪಿನ್‌ಗೆ ರಿವರ್ಸ್ ಲೈಟ್, 85 ಅರ್ತ್, 30ಕ್ಕೆ ಫ್ಯೂಸ್ ಇರೋ ಪವರ್, 87ರಿಂದ ಕ್ಯಾಮೆರಾ ಮತ್ತು ಟ್ರಿಗರ್. ಈಗ ರಿಲೇನೇ ಜಿರ್ರ್ ಅಂತಿದೆ!

86ಕ್ಕೆ ಹೋಗೋ ವೈರಲ್ಲಿ ಒಂದು 1ಎನ್4007 ಡಯೋಡ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋದು), ಆಮೇಲೆ ರಿಲೇ ಕಾಯಿಲ್‌ಗೆ ಅಡ್ಡಲಾಗಿ, ಅಂದ್ರೆ 86 ಮತ್ತು 85ರ ನಡುವೆ, 1000 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಹಾಕಿದ್ರೆ ಸಾಕಾ? ಅದರಿಂದ ಡ್ಯಾಶ್‌ಬೋರ್ಡಲ್ಲಿ ಬಲ್ಬ್ ಫಾಲ್ಟ್ ಬರುತ್ತಾ? ಇಲ್ಲಾ, ರಿಲೇ ಕಿತ್ತು ಕ್ಯಾಮೆರಾಗೆ ಎಸಿಸಿ ಲೈನಿಂದಲೇ (ಕೀ ತಿರುಗಿಸಿದಾಗ ಸ್ಟೀರಿಯೊಗೆ ಬರೋ ಪವರ್) ಸದಾ ಪವರ್ ಕೊಟ್ಟು, ಟ್ರಿಗರ್ ಮಾತ್ರ ಲೈಟಿಂದ ತಗೊಳ್ಳೋದು ವಾಸಿನಾ? ಎರಡರಲ್ಲಿ ಯಾವುದು ಮಾಡ್ಲಿ?