ಎಕ್ಲಿಪ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ಡ್ರೈವರ್: ಜಾರ್ ಸೇರಿಸಿದರೂ ಟಾಮ್‌ಕ್ಯಾಟ್‌ಗೆ ಸಿಗುತ್ತಿಲ್ಲ

ಬಾಗಲಕೋಟೆಯ ವಿದ್ಯಾರ್ಥಿ: ಅಂತಿಮ ವರ್ಷದ ಜಾವಾ ಪ್ರಾಜೆಕ್ಟಿಗಾಗಿ, ಕೋಡ್ ಬರೆಯುವ ತಂತ್ರಾಂಶ ಎಕ್ಲಿಪ್ಸ್‌ನ ಬಿಲ್ಡ್ ಪಾತ್‌ಗೆ (ಕಂಪೈಲ್ ಮಾಡುವಾಗ ಅದು ನೋಡುವ ಫೈಲುಗಳ ಪಟ್ಟಿ) ಕನೆಕ್ಟರ್ ಜಾರ್ (ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಜಾವಾವನ್ನು ಜೋಡಿಸುವ ಡ್ರೈವರ್ ಇರುವ ಫೈಲು) ಸೇರಿಸಿದ್ದೇನೆ; ಆದರೂ ವೆಬ್ ಆ್ಯಪ್ ನಡೆಸುವ ಸರ್ವರ್ ಟಾಮ್‌ಕ್ಯಾಟ್‌ನಲ್ಲಿ ‘ನೋ ಸೂಟಬಲ್ ಡ್ರೈವರ್ ಫೌಂಡ್’ ಎಂದೇ ಬರುತ್ತಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ವಿಜಯಪುರದಿಂದ: ಜಾರ್ ಫೈಲುಗಳನ್ನು ಕೈಯಿಂದ ಸೇರಿಸುವ ಪದ್ಧತಿಯನ್ನೇ ಬಿಡಿ. ಒಣದ್ರಾಕ್ಷಿ ಶೈತ್ಯಾಗಾರವೊಂದರ ಲೆಕ್ಕದ ತಂತ್ರಾಂಶವನ್ನು ನಾನು ವಹಿಸಿಕೊಂಡಾಗ, ಹಿಂದಿನವರು ಬಿಟ್ಟುಹೋದ ಲಿಬ್ ಫೋಲ್ಡರಿನಲ್ಲಿ ಕನೆಕ್ಟರ್ 5.1ರ ಹಳೆಯ ಬಿಡುಗಡೆಯೂ 8.0 ಕೂಡ ಒಟ್ಟಿಗೇ ಇದ್ದವು. ಸರ್ವರನ್ನು ಮೈಎಸ್‌ಕ್ಯೂಎಲ್ 8ಕ್ಕೆ ಏರಿಸಿದ ಕೂಡಲೇ ಹಳೆಯ ಜಾರ್ ಅದರ ‘ಕ್ಯಾಚಿಂಗ್ ಶಾ2 ಪಾಸ್‌ವರ್ಡ್’ ಎಂಬ ಹೊಸ ಲಾಗಿನ್ ದೃಢೀಕರಣ ತಿಳಿಯದೆ ಕೈಚೆಲ್ಲಿತು. ಹಂಗಾಮಿನ ನಟ್ಟನಡುವೆ ಬಾಡಿಗೆ ರಸೀದಿಗಳನ್ನು ಪುಸ್ತಕದಲ್ಲಿ ಬರೆಯಬೇಕಾಯಿತು. ನನ್ನ ಕೊನೆಯ ಕಂತಿನ 18,000 ರೂಪಾಯಿಯನ್ನು ಮಾಲೀಕರು ಇಂದಿಗೂ ಕೊಟ್ಟಿಲ್ಲ. ಈಗ ನನ್ನದೆಲ್ಲ ಮೇವನ್, ಬೇಕಾದ ಜಾರ್‌ಗಳನ್ನು ತಾನೇ ಇಂಟರ್ನೆಟ್‌ನಿಂದ ತರುವ ಸಾಧನ. ಆ ಪಟ್ಟಿ ಬರೆಯುವ ಪಾಮ್ ಫೈಲಿನಲ್ಲಿ ಒಂದೇ ಆವೃತ್ತಿ, ಅದೂ 8.0.31ರಿಂದ ಬಂದ ‘ಕನೆಕ್ಟರ್-ಜೆ’ ಎಂಬ ಹೊಸ ಹೆಸರಿನಲ್ಲಿ.

ಬೆಳಗಾವಿಯಿಂದ: ಎಲ್ಲರಿಗೂ ಇಂಟರ್ನೆಟ್ ಇದೆಯೆಂದು ಭಾವಿಸಿ ಉಪದೇಶ ಮಾಡುವುದು ಸುಲಭ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ನಾನು ನೋಡಿಕೊಳ್ಳುವ ಕಂಪ್ಯೂಟರುಗಳಿಗೆ ಹೊರಗಿನ ಸಂಪರ್ಕವೇ ಇಲ್ಲ. ಎರಕದ ತೂಕದ ದಾಖಲೆಗಳೆಲ್ಲ ಮೈಕ್ರೋಸಾಫ್ಟ್‌ನ ಆಕ್ಸೆಸ್ ಡೇಟಾಬೇಸಿನಲ್ಲಿದ್ದವು. ಜಾವಾ 8ರಲ್ಲಿ, ಆಕ್ಸೆಸ್‌ಗೆ ಜೋಡಿಸುತ್ತಿದ್ದ ಜೆಡಿಬಿಸಿ-ಒಡಿಬಿಸಿ ಬ್ರಿಡ್ಜನ್ನೇ ತೆಗೆದುಹಾಕಿದಾಗ, ಅಷ್ಟನ್ನೂ ಮೈಎಸ್‌ಕ್ಯೂಎಲ್‌ಗೆ ಸಾಗಿಸಿ, ಪೆನ್‌ಡ್ರೈವ್‌ನಲ್ಲಿ ಒಯ್ದ ಒಂದೇ ಜಾರ್‌ನಿಂದ ನಡೆಸಿದೆ. ಇಂದಿಗೂ ಒಂದು ಪಾಳಿಗೂ ನಿಂತಿಲ್ಲ.

ವಿಜಯಪುರದಿಂದ: ಮೇವನ್ ತಂದಿಟ್ಟ ಜಾರ್‌ಗಳಿರುವ ರಿಪಾಸಿಟರಿಯ ಫೋಲ್ಡರನ್ನೂ ಅದೇ ಪೆನ್‌ಡ್ರೈವ್‌ನಲ್ಲಿ ಒಯ್ದು ಆಫ್‌ಲೈನ್ ನಡೆಸಬಹುದು. ಇದು ನೆಪ.

ಬೆಳಗಾವಿಯಿಂದ: ಫೌಂಡ್ರಿಯ ರಾತ್ರಿ ಪಾಳಿಯಲ್ಲಿ ಒಮ್ಮೆ ನಿಂತು ನೋಡಿ, ಆಮೇಲೆ ನೆಪದ ಮಾತಾಡಿ.

ಬೆಳಗಾವಿಯ ಉಪನ್ಯಾಸಕಿ: ಬಿಲ್ಡ್ ಪಾತ್ ಕಂಪೈಲ್ ಮಾಡಲು ಸಾಕು, ಟಾಮ್‌ಕ್ಯಾಟ್‌ಗೆ ಕಾಣಬೇಕಾದರೆ ಜಾರ್ ಆ್ಯಪ್‌ನ ವೆಬ್-ಇನ್ಫ್ ಫೋಲ್ಡರಿನ ಒಳಗಿನ ಲಿಬ್‌ನಲ್ಲಿರಬೇಕು. ಡ್ರೈವರನ್ನು ಕೋಡಿನಲ್ಲೇ ಲೋಡ್ ಮಾಡುವ ‘ಕ್ಲಾಸ್.ಫಾರ್‌ನೇಮ್’ ಸಾಲನ್ನೂ ಬಿಡಬೇಡಿ. ಅದನ್ನು ಬರೆದಿದ್ದಕ್ಕೇ ಹೊರಗಿನ ಪರೀಕ್ಷಕರೊಬ್ಬರು ನನ್ನ ವಿದ್ಯಾರ್ಥಿನಿಯ ಅಂಕ ಕಡಿತ ಮಾಡಿದರು, ಆ ಬೇಸರ ನನಗಿನ್ನೂ ಹೋಗಿಲ್ಲ.

ವಿಜಯಪುರದಿಂದ: ಪರೀಕ್ಷಕರದು ಸರಿಯೇ, ಮೇಡಂ. ಜಾವಾ ಡೇಟಾಬೇಸಿನೊಡನೆ ಮಾತಾಡುವ ವ್ಯವಸ್ಥೆಯಾದ ಜೆಡಿಬಿಸಿಯ 4.0 ಆವೃತ್ತಿ 2006ರಲ್ಲಿ ಬಂದಾಗಿನಿಂದ ಡ್ರೈವರ್ ತಾನಾಗಿ ಲೋಡ್ ಆಗುತ್ತದೆ.

ಬೆಳಗಾವಿಯ ಉಪನ್ಯಾಸಕಿ: ಸರ್ವರ್ ಇಲ್ಲದೆ ಒಂಟಿಯಾಗಿ ಓಡುವ ಪ್ರೋಗ್ರಾಮಿನಲ್ಲಿ ಹಾಗಾಗುತ್ತದೆ. ಟಾಮ್‌ಕ್ಯಾಟ್ ಶುರುವಾಗುವಾಗಲೇ ಡ್ರೈವರುಗಳ ಹುಡುಕಾಟ ಒಮ್ಮೆ ಮುಗಿದುಹೋಗುತ್ತದೆ. ಆಗ ಆ್ಯಪ್‌ನ ಲಿಬ್ ಅದರ ಕಣ್ಣಿಗೆ ಬಿದ್ದಿರುವುದಿಲ್ಲ. ಅಲ್ಲಿಟ್ಟ ಡ್ರೈವರನ್ನು ಕೋಡಿನಲ್ಲೇ ನೋಂದಾಯಿಸಬೇಕೆಂದು ಟಾಮ್‌ಕ್ಯಾಟ್‌ನ ಕೈಪಿಡಿಯೇ ಹೇಳುತ್ತದೆ. ಅದನ್ನು ಓದಿ, ನಂತರ ಪರೀಕ್ಷಕರ ಪರ ವಾದಿಸಿ.