ಎಕ್ಸ್-ಮೆನ್ ಸರಣಿ: ಯಾವ ಕ್ರಮದಲ್ಲಿ ನೋಡಬೇಕು, ಕೂಡದ ಲೆಕ್ಕಗಳನ್ನು ಏನು ಮಾಡಬೇಕು?

ಪ್ರಶ್ನೆ: ಫಾಕ್ಸ್ ಸಂಸ್ಥೆ ತೆಗೆದ ಎಕ್ಸ್-ಮೆನ್ ಸಿನಿಮಾಗಳನ್ನು (ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವ ‘ಮ್ಯೂಟೆಂಟ್’ಗಳ ಕಥೆ) ಮೊದಲಿಂದ ನೋಡಬೇಕೆಂದಿದ್ದೇವೆ. ಜೊತೆಗೆ ಕೂರುವವರಲ್ಲಿ ಎಂಟನೇ ಕ್ಲಾಸಿನ ಹುಡುಗಿ ಇದ್ದಾಳೆ, ಕಾಮಿಕ್ಸ್ ಅರೆದು ಕುಡಿದವರೂ ಒಬ್ಬರಿದ್ದಾರೆ. ಕಥೆ ನಡೆಯುವ ಇಸವಿಯ ಪ್ರಕಾರ ನೋಡಬೇಕೋ, ಬಿಡುಗಡೆಯಾದ ಕ್ರಮದಲ್ಲೋ? ಒಂದರಲ್ಲಿ ಸತ್ತವರು ಇನ್ನೊಂದರಲ್ಲಿ ಎದ್ದು ಬರುತ್ತಾರಂತೆ. ಯಾವುದಕ್ಕೆ ಉತ್ತರ ಇದೆ, ಯಾವುದಕ್ಕೆ ಇಲ್ಲ? ಕಾಮಿಕ್ಸ್ ಮೊದಲೇ ಓದಿಕೊಳ್ಳಬೇಕಾ? ಕಥೆಯ ಗುಟ್ಟು ಹೇಳಿದರೂ ಪರವಾಗಿಲ್ಲ.

ಉತ್ತರ 1

ಬಿಡುಗಡೆಯ ಕ್ರಮವೇ ಸರಿ, ಆದರೆ ಎಲ್ಲವನ್ನೂ ನೋಡಬೇಕಿಲ್ಲ. ಮೊದಲ ಸುತ್ತಿಗೆ ಆರು ಸಾಕು: ‘ಎಕ್ಸ್-ಮೆನ್’ (2000), ‘ಎಕ್ಸ್2’ (2003), ‘ದಿ ಲಾಸ್ಟ್ ಸ್ಟ್ಯಾಂಡ್’ (2006), ‘ಫಸ್ಟ್ ಕ್ಲಾಸ್’ (2011), ‘ದಿ ವುಲ್ವರಿನ್’ (2013), ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ (2014). ಎಲ್ಲ ಸೇರಿ ಹನ್ನೆರಡು ಗಂಟೆಯ ಮೇಲೆ ಸ್ವಲ್ಪ. ದಿನಕ್ಕೆ ಎರಡರಂತೆ ಮೂರು ದಿನಕ್ಕೆ ಹಂಚಿಕೊಂಡರೆ ಜೋಡಿಗಳೂ ಚೆನ್ನಾಗಿ ಕೂಡುತ್ತವೆ. ಕೊನೆಯ ದಿನಕ್ಕೆ ‘ದಿ ವುಲ್ವರಿನ್’ ಮತ್ತು ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಒಟ್ಟಿಗೆ ಬರಲಿ. ಒಂದರ ಕೊನೆಯ ತುಣುಕು ಇನ್ನೊಂದರ ಬಾಗಿಲು.

ಆ ತುಣುಕುಗಳ ಬಗ್ಗೆ ಎಚ್ಚರ. ಸ್ಟ್ರೀಮಿಂಗ್ ಆ್ಯಪ್‌ಗಳು ಹೆಸರುಗಳು ಓಡಲು ಶುರುವಾದ ಕೂಡಲೇ ಮುಂದಿನ ಸಿನಿಮಾಕ್ಕೆ ಹಾರಿಬಿಡುತ್ತವೆ. ಆಟೋಪ್ಲೇ ಮೊದಲೇ ಆಫ್ ಮಾಡಿಡಿ. ‘ದಿ ಲಾಸ್ಟ್ ಸ್ಟ್ಯಾಂಡ್’ ಮುಗಿದ ಮೇಲೆ ಬರುವ ಆಸ್ಪತ್ರೆಯ ದೃಶ್ಯ ತಪ್ಪಿದರೆ, ಅದರಲ್ಲಿ ಸತ್ತ ಮ್ಯೂಟೆಂಟ್ ಶಾಲೆಯ ಗುರು ಪ್ರೊಫೆಸರ್ ಜೇವಿಯರ್ ‘ದಿ ವುಲ್ವರಿನ್’ ಕೊನೆಯಲ್ಲಿ ಹೇಗೆ ಬಂದರು ಅಂತ ತಲೆಬುಡ ತಿಳಿಯುವುದಿಲ್ಲ.

2009ರ ‘ಒರಿಜಿನ್ಸ್’ನಲ್ಲಿ ಶೀರ್ಷಿಕೆಯ ಹೊತ್ತಿಗೆ ಬರುವ ಯುದ್ಧಗಳ ಸರಣಿ ನೋಡಿ ನಿಲ್ಲಿಸಿ. ಅಮೆರಿಕದ ಅಂತರ್ಯುದ್ಧದಿಂದ ವಿಯೆಟ್ನಾಂವರೆಗೆ ಇಬ್ಬರು ಅಣ್ಣತಮ್ಮಂದಿರು ಕಾದಾಡುತ್ತಲೇ ಹೋಗುವ ಆ ಕೆಲವು ನಿಮಿಷಗಳು ನಿಜಕ್ಕೂ ಚೆನ್ನಾಗಿವೆ. ಉಳಿದದ್ದು ಮುಂದಿನ ಚಿತ್ರಗಳ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಉತ್ತರ 2

ಚಿಕ್ಕವರು ಜೊತೆಗಿದ್ದರೆ ‘ಫಸ್ಟ್ ಕ್ಲಾಸ್’ನಿಂದ ಶುರು ಮಾಡುವುದೇ ಒಳ್ಳೆಯದು. 2000ದ ಚಿತ್ರ ಈಗಿನ ಮಕ್ಕಳಿಗೆ ನಿಧಾನ ಅನ್ನಿಸುತ್ತದೆ. ‘ಫಸ್ಟ್ ಕ್ಲಾಸ್’ ಹಾಗಲ್ಲ: ಜೇವಿಯರ್ ಮತ್ತು ಎರಿಕ್ (ಮುಂದೆ ಖಳ ಮ್ಯಾಗ್ನೀಟೋ ಆಗುವವನು) ಸ್ನೇಹಿತರಾಗುವುದು, 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಆ ಸ್ನೇಹ ಮುರಿಯುವುದು, ಜೇವಿಯರ್ ಕಾಲಿನ ಸ್ವಾಧೀನ ಕಳೆದುಕೊಳ್ಳುವುದು, ಎಲ್ಲ ಒಂದೇ ಚಿತ್ರದಲ್ಲಿ ಮುಗಿಯುತ್ತದೆ. ಇದನ್ನು ನೋಡಿ ಆಮೇಲೆ ಮೊದಲ ಮೂರಕ್ಕೆ ಬಂದರೆ, ಪ್ಲಾಸ್ಟಿಕ್ ಜೈಲಿನಲ್ಲಿ ಇದೇ ಇಬ್ಬರು ಮುದುಕರಾಗಿ ಚದುರಂಗ ಆಡುವ ದೃಶ್ಯಕ್ಕೆ ಬೇರೆಯೇ ತೂಕ.

ಉತ್ತರ 3

ಉತ್ತರ 2 ಹೇಳುವ ಹಾಗೆ ‘ಫಸ್ಟ್ ಕ್ಲಾಸ್’ ಮಾತ್ರ ಮುಂದಕ್ಕೆ ತಂದರೆ ನಷ್ಟವಿಲ್ಲ. ಆದರೆ ಅಲ್ಲಿಂದ ಇಸವಿ ಹಿಡಿದು ನೇರ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ಗೆ ಹೋಗಬೇಡಿ. ಅದರ ಕೊನೆಯಲ್ಲಿ ಲೋಗನ್ (ಇವನೇ ವುಲ್ವರಿನ್) ಕಣ್ಣುಬಿಟ್ಟು ಶಾಲೆಯ ಓಣಿಯಲ್ಲಿ ನಡೆಯುವಾಗ ಅವನು ಪ್ರೀತಿಸಿದ ಜೀನ್ ಎದುರಾಗುತ್ತಾಳೆ. ‘ದಿ ಲಾಸ್ಟ್ ಸ್ಟ್ಯಾಂಡ್’ನಲ್ಲಿ ಅವಳನ್ನು ತನ್ನ ಕೈಯಾರೆ ಕೊಂದವನು ಅವನೇ. ‘ದಿ ವುಲ್ವರಿನ್’ ಉದ್ದಕ್ಕೂ ಆ ಕನಸು ಅವನನ್ನು ಕಾಡುತ್ತದೆ. ಈ ಎರಡನ್ನೂ ನೋಡದವರಿಗೆ ಆ ಹುಡುಗಿ ಯಾರೋ ಒಬ್ಬ ಟೀಚರ್.

ಇನ್ನು ಹೊಂದದ ಲೆಕ್ಕಗಳು. ಇವನ್ನು ಮೂರು ರಾಶಿ ಮಾಡಿಕೊಂಡರೆ ಜಗಳ ಕಡಿಮೆಯಾಗುತ್ತದೆ.

ಉತ್ತರ ಇರುವಂಥವು ಮೊದಲನೆಯ ರಾಶಿ. ಲೋಗನ್‌ನ ಪ್ರಜ್ಞೆ 2023ರಿಂದ 1973ಕ್ಕೆ ಹೋಗಿ ಇತಿಹಾಸ ತಿದ್ದುತ್ತದೆ. 1973ರವರೆಗಿನದು ಎರಡೂ ಟೈಮ್‌ಲೈನ್‌ಗಳಿಗೆ ಸಾಮಾನ್ಯ, ಅಲ್ಲಿಂದ ಕವಲು. ಮೊದಲ ಮೂರು ಚಿತ್ರಗಳು ಹಳೆಯ ಕವಲಿನವು. ‘ಅಪೊಕ್ಯಾಲಿಪ್ಸ್’ (ಕಥೆ 1983ರದು) ಮತ್ತು ‘ಡಾರ್ಕ್ ಫೀನಿಕ್ಸ್’ (1992ರದು) ಹೊಸ ಕವಲಿನವು. ಹಳೆಯದನ್ನು ನೆನಪಿಟ್ಟುಕೊಂಡಿರುವವನು ಲೋಗನ್ ಒಬ್ಬನೇ. ಹಾಗಾಗಿ ‘ದಿ ಲಾಸ್ಟ್ ಸ್ಟ್ಯಾಂಡ್’ನಲ್ಲಿ ಸತ್ತ ಸ್ಕಾಟ್, ಜೀನ್ ಮತ್ತೆ ಬದುಕಿರುವುದು ತಪ್ಪಲ್ಲ, ಅದೇ ಕಥೆ.

ಅರ್ಧ ಉತ್ತರ ಇರುವಂಥವು ಎರಡನೆಯದು. ಜೇವಿಯರ್‌ನ ಮನಸ್ಸು ಕೋಮಾದಲ್ಲಿದ್ದ ಇನ್ನೊಬ್ಬನ ದೇಹಕ್ಕೆ ಸೇರಿತು ಅಂತ ತೋರಿಸುತ್ತಾರೆ, ಆದರೆ ಮುಂದೆ ಮುಖ ಅದೇ, ವೀಲ್‌ಚೇರೂ ಅದೇ. 1962ರಲ್ಲೇ ಕಾಲು ಹೋದವರು 1973ರಲ್ಲಿ ನಡೆಯುವುದಕ್ಕೆ ವಿಜ್ಞಾನಿ ಹ್ಯಾಂಕ್ ಮಾಡಿದ ಔಷಧ ಕಾರಣ, ಅದನ್ನು ತೆಗೆದುಕೊಂಡರೆ ಮನಸ್ಸು ಓದುವ ಶಕ್ತಿ ಹೋಗುತ್ತದೆ. ಒಳ್ಳೆಯ ಉಪಾಯ. ಆದರೆ ‘ದಿ ಲಾಸ್ಟ್ ಸ್ಟ್ಯಾಂಡ್’ ಆರಂಭದಲ್ಲಿ, ಇಪ್ಪತ್ತು ವರ್ಷ ಹಿಂದಿನ ದೃಶ್ಯದಲ್ಲಿ, ಅವರು ಎರಿಕ್ ಜೊತೆ ಜೀನ್ ಮನೆಗೆ ನಡೆದುಕೊಂಡೇ ಬರುತ್ತಾರೆ, ಶಕ್ತಿಯನ್ನೂ ಬಳಸುತ್ತಾರೆ. ಅಲ್ಲಿ ಈ ವಿವರಣೆ ಕೈಕೊಡುತ್ತದೆ.

ಮೂರನೆಯ ರಾಶಿಗೆ ಉತ್ತರವೇ ಇಲ್ಲ, ಹುಡುಕುತ್ತ ಸಂಜೆ ಹಾಳುಮಾಡಿಕೊಳ್ಳಬೇಡಿ:
– 2000ದ ಚಿತ್ರದಲ್ಲಿ ಎರಿಕ್‌ನನ್ನು ಹದಿನೇಳನೇ ವಯಸ್ಸಿನಲ್ಲಿ ಕಂಡೆ ಅನ್ನುತ್ತಾರೆ ಜೇವಿಯರ್. ‘ಫಸ್ಟ್ ಕ್ಲಾಸ್’ನಲ್ಲಿ ಇಬ್ಬರೂ ಬೆಳೆದು ನಿಂತ ಗಂಡಸರಾಗಿ ಮೊದಲ ಸಲ ಭೇಟಿಯಾಗುತ್ತಾರೆ.
– ‘ದಿ ವುಲ್ವರಿನ್’ನಲ್ಲಿ ಲೋಗನ್‌ನ ಲೋಹದ ಉಗುರುಗಳು ತುಂಡಾಗಿ ಮೂಳೆಯವು ಬರುತ್ತವೆ. 2023ರ ದೃಶ್ಯಗಳಲ್ಲಿ ಮತ್ತೆ ಲೋಹದವು.
– ಮೊಯ್ರಾ ಎಂಬ ಪಾತ್ರ ‘ದಿ ಲಾಸ್ಟ್ ಸ್ಟ್ಯಾಂಡ್’ನಲ್ಲಿ ಡಾಕ್ಟರ್, ‘ಫಸ್ಟ್ ಕ್ಲಾಸ್’ನಲ್ಲಿ ಸಿಐಎ ಏಜೆಂಟ್.
– ‘ಡಾರ್ಕ್ ಫೀನಿಕ್ಸ್’ನಲ್ಲಿ 1992ಕ್ಕೇ ಜೀನ್ ಮನುಷ್ಯರೂಪ ಬಿಟ್ಟು ಹೋದರೆ, 2023ರ ಶಾಲೆಯಲ್ಲಿ ನಿಂತವಳು ಯಾರು?

ಉತ್ತರ 4

ಇಷ್ಟು ಗೋಜಲಿಗೆ ಮೂಲ ಕಾರಣ ಅಜಾಗರೂಕತೆ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಇಸವಿಗಳು. ಕಾಮಿಕ್ಸ್‌ನಲ್ಲಿ ಕಾಲ ಜಾರುತ್ತಾ ಇರುತ್ತದೆ. 1963ರಲ್ಲಿ ಹದಿಹರೆಯದವನಾಗಿದ್ದ ಸ್ಕಾಟ್ ಇವತ್ತಿಗೂ ಮುದುಕನಾಗಿಲ್ಲ, ಯಾರೂ ಕೇಳುವುದೂ ಇಲ್ಲ. ಮೊದಲ ಚಿತ್ರವೂ ಜಾಣತನ ತೋರಿಸಿತ್ತು: ಪರದೆಯ ಮೇಲೆ ಇಸವಿ ಹಾಕದೆ, ದೂರವಲ್ಲದ ಭವಿಷ್ಯ ಅಂತಷ್ಟೇ ಬರೆದರು. ಇಸವಿ ಹಾಕಿದ್ದು ಒಂದೇ ಕಡೆ, 1944ರ ಪೋಲೆಂಡ್, ಬಾಲಕ ಎರಿಕ್ ನಾತ್ಸಿ ಶಿಬಿರದ ಗೇಟಿನ ಮುಂದೆ ತಾಯಿಯಿಂದ ಬೇರೆಯಾಗುವ ಜಾಗ. ಅದನ್ನು ಬಿಡುವ ಹಾಗಿರಲಿಲ್ಲ, ಮ್ಯಾಗ್ನೀಟೋನ ಕೋಪಕ್ಕೆಲ್ಲ ಬೇರು ಅಲ್ಲಿದೆ.

2011ರಿಂದ ಆಚೆ ಚಿತ್ರಕ್ಕೊಂದು ದಶಕ ಅಂತ ಮೊಳೆ ಹೊಡೆಯುತ್ತ ಹೋದರು. ಆಗಲೇ ಸಿಕ್ಕಿಕೊಂಡದ್ದು. 1944ರಲ್ಲಿ ಹುಡುಗನಾಗಿದ್ದವನು 1992ಕ್ಕೆ ಅರವತ್ತರ ಹತ್ತಿರ ಇರಬೇಕು, ಪರದೆ ಮೇಲೆ ಮೈಕಲ್ ಫಾಸ್‌ಬೆಂಡರ್ ಮುಖದಲ್ಲಿ ಅಷ್ಟು ವರ್ಷ ಕಾಣುವುದಿಲ್ಲ. ಅಲೆಕ್ಸ್ ಸಮ್ಮರ್ಸ್ 1962ರಲ್ಲೇ ಯುವಕ, ಅವನ ತಮ್ಮ ಸ್ಕಾಟ್ 1983ರಲ್ಲಿ ಹೈಸ್ಕೂಲ್ ಹುಡುಗ. ಕಾಮಿಕ್ಸ್‌ನಲ್ಲಿ ಸ್ಕಾಟನೇ ಅಣ್ಣ. ಇಸವಿಯ ಹಠಕ್ಕೆ ಅಣ್ಣತಮ್ಮಂದಿರೇ ತಿರುಗುಮುರುಗಾದರು.

ಹುಡುಗಿ ಈ ಪ್ರಶ್ನೆ ಕೇಳಿದರೆ ನೇರವಾಗಿ ಹೇಳಿ: ಪ್ರತಿ ದಶಕವನ್ನೂ ಒಂದು ವೇಷ ಅಂತ ತೆಗೆದುಕೋ, ವಯಸ್ಸು ಕೂಡಿಸಬೇಡ.

ಉತ್ತರ 5

ಕಾಮಿಕ್ಸ್ ಮೊದಲೇ ಓದುವುದು ಬೇಡ, ಸಿನಿಮಾ ನೋಡಿ ಆಮೇಲೆ ಓದಿ. ಆಗ ಬದಲಾವಣೆಗಳು ತಪ್ಪಿನ ಹಾಗೆ ಕಾಣದೆ, ಯಾಕೆ ಹೀಗೆ ಮಾಡಿದರು ಅನ್ನುವ ಕುತೂಹಲ ಹುಟ್ಟುತ್ತದೆ.

‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಮೂಲದಲ್ಲಿ ಎಕ್ಸ್-ಮೆನ್ ಕಾಮಿಕ್ಸ್‌ನ ಎರಡೇ ಸಂಚಿಕೆ, 141 ಮತ್ತು 142, 1981ರಲ್ಲಿ ಬಂದದ್ದು. ಅಲ್ಲಿ ಹಿಂದಿನ ಕಾಲಕ್ಕೆ ಹೋಗುವವಳು ಕಿಟ್ಟಿ ಪ್ರೈಡ್, ಉಳಿಸಬೇಕಾದದ್ದು ಸೆನೆಟರ್ ಕೆಲ್ಲಿಯನ್ನು. ಚಿತ್ರದಲ್ಲಿ ಹೋಗುವವನು ಲೋಗನ್, ಉಳಿಸಬೇಕಾದದ್ದು ಮ್ಯೂಟೆಂಟ್‌ಗಳನ್ನು ಬೇಟೆಯಾಡುವ ರೋಬಾಟ್ ಮಾಡಿದ ಟ್ರಾಸ್ಕ್‌ನನ್ನು. ಕಿಟ್ಟಿಯಿಂದ ಕಥೆ ಕಸಿದುಕೊಂಡರು ಅಂತ ಅಭಿಮಾನಿಗಳಿಗೆ ಸಿಟ್ಟಿದೆ. ಆ ಸಿಟ್ಟಿನಲ್ಲಿ ನ್ಯಾಯವೂ ಇದೆ. ಆದರೆ 1973ಕ್ಕೆ ಹೋಗಬೇಕೆಂದಾದ ಮೇಲೆ ಈ ಕಿಟ್ಟಿ ಆಗಿನ್ನೂ ಹುಟ್ಟೇ ಇಲ್ಲ, ಪ್ರಜ್ಞೆ ಸೇರುವುದಕ್ಕೆ ದೇಹ ಬೇಕಲ್ಲ. ಮುಪ್ಪಾಗದ ಲೋಗನ್‌ಗೆ ಆ ತೊಂದರೆ ಇಲ್ಲ.

‘ಡಾರ್ಕ್ ಫೀನಿಕ್ಸ್’ ವಿಷಯದಲ್ಲಿ ಮಾತ್ರ ಸಿನಿಮಾಗಳ ಪರ ವಾದಿಸುವುದು ಕಷ್ಟ. ಕ್ರಿಸ್ ಕ್ಲೇರ್‌ಮಾಂಟ್, ಜಾನ್ ಬರ್ನ್ ಮಾಡಿದ ಆ ಕಥೆ 1980ರಲ್ಲಿ 129ರಿಂದ 138ನೇ ಸಂಚಿಕೆವರೆಗೆ ಹರಡಿದೆ, ಅದಕ್ಕೂ ಎಷ್ಟೋ ಮೊದಲಿಂದ ಜೀನ್ ಬದಲಾಗುತ್ತ ಬಂದಿದ್ದಾಳೆ. ಕೊನೆಯಲ್ಲಿ ಅವಳು ಒಂದು ಸೂರ್ಯನನ್ನೇ ನುಂಗಿ, ಅದರ ಗ್ರಹದ ಐನೂರು ಕೋಟಿ ಜೀವಗಳನ್ನು ಅಳಿಸುತ್ತಾಳೆ. ಆ ಪಾಪದ ಭಾರಕ್ಕೇ ಅವಳ ಸಾವಿಗೆ ಅರ್ಥ. 2006ರ ಚಿತ್ರ ಇದನ್ನು ಜೇವಿಯರ್ ಅದುಮಿಟ್ಟ ಎರಡನೇ ವ್ಯಕ್ತಿತ್ವ ಅಂತ ಮಾಡಿ, ಜೊತೆಗೆ ಮ್ಯೂಟೆಂಟ್‌ಗಳಿಗೆ ‘ಮದ್ದು’ ಕಂಡುಹಿಡಿಯುವ ಬೇರೊಂದು ಕಾಮಿಕ್ಸ್ ಕಥೆಯನ್ನೂ ತುರುಕಿತು. ಒಂದೂ ಮುಕ್ಕಾಲು ಗಂಟೆಗೆ ಎರಡು ದೊಡ್ಡ ಕಥೆ! 2019ರಲ್ಲಿ ಮತ್ತೆ ಪ್ರಯತ್ನಿಸಿದಾಗ ಹೊಸ ನಟಿಯ ಜೀನ್ ಬಂದು ಒಂದೇ ಚಿತ್ರವಾಗಿತ್ತು. ಗುರುತೇ ಆಗದವಳು ಕೆಟ್ಟರೆ ನೋಡುಗರಿಗೆ ಯಾಕೆ ನೋಯಬೇಕು?

ಕಾಮಿಕ್ಸ್ ಪಕ್ಷದವರಿಗೆ ಒಂದು ಮಾತು. ಮೂಲ ಕಲ್ಲಿನಲ್ಲಿ ಕೊರೆದದ್ದಲ್ಲ. 1986ರಲ್ಲಿ ಕಾಮಿಕ್ಸೇ ಪಲ್ಟಿ ಹೊಡೆಯಿತು: ಸತ್ತವಳು ಜೀನ್ ಅಲ್ಲ, ಅವಳ ರೂಪ ತಾಳಿದ ಶಕ್ತಿ, ನಿಜವಾದ ಜೀನ್ ನೀರಿನಡಿ ಗೂಡಿನಲ್ಲಿ ಮಲಗಿದ್ದಳು ಅಂತ. ಮ್ಯಾಗ್ನೀಟೋ ಔಷ್ವಿಟ್ಸ್‌ನಲ್ಲಿ ಬೆಳೆದವನು ಅನ್ನುವುದೂ 1981ರ 150ನೇ ಸಂಚಿಕೆಯಲ್ಲಿ ಸೇರಿದ್ದು, ಪಾತ್ರ ಹುಟ್ಟಿದ ಹದಿನೆಂಟು ವರ್ಷದ ಮೇಲೆ.

ಉತ್ತರ 6

‘ಲೋಗನ್’ (2017) ಬಗ್ಗೆ ಯಾರೂ ಹೇಳಲಿಲ್ಲ. ಕಥೆ 2029ರದು. ಅದನ್ನು ಕೊನೆಗಿಡಿ, ಹುಡುಗಿಗೆ ಈಗ ತೋರಿಸಬೇಡಿ. ಅಮೆರಿಕದಲ್ಲಿ ಆರ್ ರೇಟಿಂಗ್, ರಕ್ತಪಾತ ವಿಪರೀತ, ಮಗುವಿನ ಕೈಯಲ್ಲೂ. ‘ಡೆಡ್‌ಪೂಲ್’ ಚಿತ್ರಗಳೂ ಅಷ್ಟೇ. ಎರಡನೆಯದಕ್ಕೆ 2018ರಲ್ಲೇ ‘ಒನ್ಸ್ ಅಪಾನ್ ಎ ಡೆಡ್‌ಪೂಲ್’ ಅಂತ ಮೆದು ಮಾಡಿದ ಆವೃತ್ತಿ ಬಂತು, ಬೇಕಿದ್ದರೆ ಅದು.

‘ಲೋಗನ್’ ಯಾವ ಕವಲಿಗೆ ಸೇರುತ್ತದೆ ಅಂತ ಲೆಕ್ಕ ಹಾಕುವುದು ವ್ಯರ್ಥ. ಚಿತ್ರದೊಳಗೇ ಎಕ್ಸ್-ಮೆನ್ ಕಾಮಿಕ್ಸ್ ಪುಸ್ತಕಗಳಿವೆ. ಇದರಲ್ಲಿ ಕಾಲುಭಾಗ ನಡೆದಿರಬಹುದು, ಅದೂ ಹೀಗಲ್ಲ ಅನ್ನುತ್ತಾನೆ ಲೋಗನ್. ಅಲ್ಲಿಗೆ ಹಿಂದಿನ ಎಲ್ಲ ಚಿತ್ರಗಳ ಸಾಲ ತೀರಿತು. ಮೂಲ ಅನ್ನಿಸಿಕೊಂಡ ‘ಓಲ್ಡ್ ಮ್ಯಾನ್ ಲೋಗನ್’ ಕಾಮಿಕ್ಸ್‌ನಿಂದ ಉಳಿದದ್ದು ಮುದಿ ಲೋಗನ್ ಮತ್ತು ದಾರಿ ಮಾತ್ರ. ಅಲ್ಲಿರುವ ಹಲ್ಕ್, ಹಾಕ್‌ಐ ಹಕ್ಕುಗಳು ಫಾಕ್ಸ್ ಬಳಿ ಇರಲಿಲ್ಲ. ಕಾಮಿಕ್ಸ್‌ನಲ್ಲಿ ಖಳನ ಮಾಯೆಗೆ ಬಿದ್ದು ಲೋಗನ್ ತನ್ನವರನ್ನೇ ಕೊಲ್ಲುತ್ತಾನೆ. ಇಲ್ಲಿ ಆ ಅನಾಹುತ ಜೇವಿಯರ್‌ನ ಕಾಯಿಲೆಬಿದ್ದ ಮೆದುಳಿನಿಂದ ಆಗುತ್ತದೆ. ಹಕ್ಕಿನ ಇಕ್ಕಟ್ಟಿನಲ್ಲಿ ಹುಟ್ಟಿದ ಚಿತ್ರವೇ ಇಡೀ ಸರಣಿಯಲ್ಲಿ ಎಲ್ಲಕ್ಕಿಂತ ಗಟ್ಟಿ.

2024ರ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ ‘ಲೋಗನ್’ನಲ್ಲಿನ ಅವನ ಸಾವನ್ನು ಅಳಿಸಿಹಾಕಿತು ಅನ್ನುವ ಭಯ ಬೇಡ. ಆ ಚಿತ್ರ ಶುರುವಾಗುವುದೇ ಸಮಾಧಿ ಅಗೆದು ಅಸ್ಥಿಪಂಜರ ತೋರಿಸಿ. ಹಳದಿ ಉಡುಪಿನಲ್ಲಿ ಬರುವವನು ಬೇರೆ ಲೋಕದ ವುಲ್ವರಿನ್. ಅದನ್ನು ‘ಲೋಗನ್’ ನೋಡಿದ ದಿನವೇ ಹಾಕಬೇಡಿ, ಮಧ್ಯೆ ವಾರವಾದರೂ ಬಿಡಿ.