ಸೆನೆಟ್ ಸಮಿತಿಯ ಮುಂದಿದ್ದ ಜಾರ್ಜ್ ಗ್ಯಾಲೋವೇ ಬಿಗ್ ಬ್ರದರ್ ಮನೆಗೆ ಏಕೆ ಹೋದರು?

ಗಂಗೋತ್ರಿಯ ವಿದ್ಯಾರ್ಥಿನಿ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೇನೆ. ರಾಜಕಾರಣಿಗಳು ಮಾಧ್ಯಮವನ್ನು ಬಳಸುವ ಬಗೆಯನ್ನು ಕುರಿತು ಮುಂದಿನ ವಾರ ಸೆಮಿನಾರ್ ಮಂಡಿಸಬೇಕಾಗಿದ್ದು, ಬ್ರಿಟನ್ನಿನ ಜಾರ್ಜ್ ಗ್ಯಾಲೋವೇ ಅವರನ್ನು ಆರಿಸಿಕೊಂಡಿದ್ದೇನೆ. 2005ರ ಮೇ 17ರಂದು ಅವರು ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಕುಳಿತು, ಇರಾಕ್ ತೈಲದ ವ್ಯವಹಾರದಲ್ಲಿ ತಮ್ಮ ಮೇಲಿದ್ದ ಆರೋಪಗಳಿಗೆ ಉತ್ತರಿಸಿದ ದೃಶ್ಯವನ್ನು ನೋಡಿದೆ. ಒಂದು ಪೀಪಾಯಿ ತೈಲವನ್ನೂ ತಾನು ಕಂಡಿಲ್ಲ, ಕೊಂಡಿಲ್ಲ, ಮಾರಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ಪ್ರಶ್ನೆ ಕೇಳಬೇಕಾದವರನ್ನೇ ಆರೋಪಿಗಳ ಜಾಗದಲ್ಲಿ ನಿಲ್ಲಿಸಿಬಿಟ್ಟರು. ಅದಾದ ಎಂಟೇ ತಿಂಗಳಿಗೆ, 2006ರ ಜನವರಿಯಲ್ಲಿ, ಅದೇ ಮನುಷ್ಯ ಸಂಸತ್ ಸದಸ್ಯರಾಗಿದ್ದುಕೊಂಡೇ ಸೆಲೆಬ್ರಿಟಿ ಬಿಗ್ ಬ್ರದರ್ (ನಮ್ಮ ಬಿಗ್ ಬಾಸ್ ಥರದ ಟಿವಿ ಕಾರ್ಯಕ್ರಮ) ಮನೆಯಲ್ಲಿ ಬೆಕ್ಕಿನಂತೆ ಮಂಡಿಯೂರಿ, ನಟಿ ರೂಲಾ ಲೆನ್ಸ್ಕಾ ಅವರ ಅಂಗೈಯಿಂದ ಇಲ್ಲದ ಹಾಲನ್ನು ನೆಕ್ಕುವ ಅಭಿನಯ ಮಾಡಿದರು. ಈ ಎರಡು ದೃಶ್ಯಗಳನ್ನು ಒಂದೇ ಜೀವನದೊಳಗೆ ಹೇಗೆ ಜೋಡಿಸುವುದೆಂದು ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಹಳೆಯ ಉಪಸಂಪಾದಕ (ಸರಸ್ವತಿಪುರಂ):

ತಂಗೀ, ಆ ಎರಡು ದೃಶ್ಯಗಳ ನಡುವಿನ ವ್ಯತ್ಯಾಸ ಇರುವುದು ಮನುಷ್ಯನಲ್ಲಲ್ಲ, ಕತ್ತರಿಯಲ್ಲಿ. ಸೆನೆಟ್ ವಿಚಾರಣೆ ನೇರ ಪ್ರಸಾರವಾಗಿತ್ತು. ಗ್ಲಾಸ್ಗೋ ಬೀದಿ ಸಭೆಗಳಲ್ಲಿ, ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಯ ಕೂಗಾಟದ ನಡುವೆ ನಾಲಿಗೆ ಪಳಗಿಸಿಕೊಂಡಿದ್ದವರಿಗೆ, ಸಾಕ್ಷಿಗಳು ತಲೆತಗ್ಗಿಸಿ ಮಾತನಾಡುವುದನ್ನೇ ರೂಢಿ ಮಾಡಿಕೊಂಡಿದ್ದ ಅಧ್ಯಕ್ಷ ನಾರ್ಮ್ ಕೋಲ್ಮನ್ ಸುಲಭದ ತುತ್ತಾದರು. ತಾನು ಸದ್ದಾಮ್ ಹುಸೇನ್‌ರನ್ನು ಭೇಟಿಯಾದಷ್ಟೇ ಸಲ ಅಮೆರಿಕದ ಅಂದಿನ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಕೂಡ ಭೇಟಿಯಾಗಿದ್ದಾರೆ, ಆದರೆ ಅವರು ಹೋಗಿದ್ದು ಬಂದೂಕು ಮಾರುವುದಕ್ಕೆ ಎಂದು ಹೇಳಿದ್ದನ್ನು ನಮ್ಮ ಡೆಸ್ಕಿನಲ್ಲಿ ಎಲ್ಲರೂ ಕೆಲಸ ಬಿಟ್ಟು ನೋಡಿದ್ದು ನನಗಿನ್ನೂ ನೆನಪಿದೆ. ಇದೇ ವ್ಯಕ್ತಿ 1994ರಲ್ಲಿ ಬಾಗ್ದಾದಿಗೆ ಹೋಗಿ, ಸದ್ದಾಮ್ ಎದುರು ನಿಂತು, ನಿಮ್ಮ ಧೈರ್ಯಕ್ಕೂ ಶಕ್ತಿಗೂ ದಣಿವರಿಯದ ಛಲಕ್ಕೂ ವಂದಿಸುತ್ತೇನೆ ಎಂದು ಹೇಳಿದ್ದನ್ನು ಕ್ಯಾಮೆರಾ ಹಿಡಿದಿಟ್ಟಿತ್ತೆಂಬುದನ್ನೂ ನಿಮ್ಮ ಸೆಮಿನಾರಿನಲ್ಲಿ ಬಿಡಬೇಡಿ. ಅದು ಇರಾಕಿನ ಜನರನ್ನು ಉದ್ದೇಶಿಸಿ ಹೇಳಿದ ಮಾತೆಂದು ಅವರು ನಂತರ ವಿವರಣೆ ಕೊಟ್ಟರೂ, ಆ ತುಣುಕು ಅವರ ಬೆನ್ನು ಬಿಡಲಿಲ್ಲ.

ಬಿಗ್ ಬ್ರದರ್ ಮನೆಯಲ್ಲಿ ಕತ್ತರಿ ಇನ್ನೊಬ್ಬರ ಕೈಯಲ್ಲಿತ್ತು. ಯುದ್ಧವಿರೋಧದ ಮಾತನ್ನು ರಾಜಕೀಯ ಸುದ್ದಿಯನ್ನೇ ನೋಡದ ಯುವಜನರಿಗೆ ತಲುಪಿಸಬೇಕೆಂದು ಒಳಗೆ ಹೋದರೆ, ವಾಹಿನಿಯವರು ರಾಜಕೀಯದ ಮಾತನ್ನು ಬಹುಮಟ್ಟಿಗೆ ಕತ್ತರಿಸಿ ಬೆಕ್ಕನ್ನು ಉಳಿಸಿಕೊಂಡರು. ವಿಚಿತ್ರವೆಂದರೆ, ಸದ್ದಾಮ್ ಆಡಳಿತದಿಂದ ಹಣ ಪಡೆದರೆಂದು ಬರೆದಿದ್ದ ಡೈಲಿ ಟೆಲಿಗ್ರಾಫ್ ಪತ್ರಿಕೆಯ ವಿರುದ್ಧದ ಮಾನನಷ್ಟ ಮೊಕದ್ದಮೆಯಲ್ಲಿ ಅವರಿಗೆ ದೊರೆತಿದ್ದ 1,50,000 ಪೌಂಡ್ ಪರಿಹಾರವನ್ನು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿದದ್ದು ಅದೇ ಜನವರಿ ತಿಂಗಳಲ್ಲಿ. ಆ ಗೆಲುವು ಯಾರಿಗೆ ನೆನಪಿದೆ? ನನ್ನ ಮಟ್ಟಿಗೆ ಅವರ ರಾಜಕೀಯ ಜೀವನ ಮುಗಿದದ್ದು ಆ ಅಂಗೈಯ ಮುಂದೆಯೇ.

ಬ್ರಾಡ್‌ಫರ್ಡ್‌ನಿಂದ ಮರಳಿದವನು (ಮದ್ದೂರು):

ಮುಗಿಯಿತೆಂಬ ಮಾತನ್ನು ನಾನು ಒಪ್ಪುವುದಿಲ್ಲ ಸಾರ್. ನಾನು 2012ರಲ್ಲಿ ಕೆಲಸದ ನಿಮಿತ್ತ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿದ್ದೆ. ಕಾಮನ್‌ವೆಲ್ತ್ ದೇಶದ ಪ್ರಜೆಗಳಿಗೆ ಅಲ್ಲಿ ವಾಸವಿದ್ದರೆ ಮತದಾನದ ಹಕ್ಕಿರುವುದರಿಂದ, ಮದ್ದೂರಿನ ನಾನೂ ಆ ವರ್ಷದ ಮಾರ್ಚ್ 29ರಂದು ಗ್ಯಾಲೋವೇ ನಿಂತಿದ್ದ ಬ್ರಾಡ್‌ಫರ್ಡ್ ವೆಸ್ಟ್ ಉಪಚುನಾವಣೆಯಲ್ಲಿ ಮತ ಹಾಕಿದೆ. ಯಾರಿಗೆಂದು ಹೇಳುವುದಿಲ್ಲ.

ಊರಿನ ನಟ್ಟನಡುವೆ ಒಂದು ದೊಡ್ಡ ಹಳ್ಳವಿತ್ತು. ಶಾಪಿಂಗ್ ಮಾಲ್ ಕಟ್ಟುತ್ತೇವೆಂದು ಹಳೆಯ ಕಟ್ಟಡಗಳನ್ನೆಲ್ಲ ಕೆಡವಿ, ಅಡಿಪಾಯ ತೋಡಿ, ಆಮೇಲೆ ಆರ್ಥಿಕ ಕುಸಿತದಲ್ಲಿ ಕೈಬಿಟ್ಟ ಜಾಗ ಅದು. ದಿನಾ ಬಸ್ಸಿಗೆ ಹೋಗುವಾಗ ಹಲಗೆಯ ಬೇಲಿಯ ಸಂದಿಯಲ್ಲಿ ನೀರು ನಿಂತಿರುವುದು ಕಾಣುತ್ತಿತ್ತು. ಗ್ಯಾಲೋವೇ ಇರಾಕ್, ಅಫ್ಘಾನಿಸ್ತಾನಗಳ ಜೊತೆಗೆ ಆ ಹಳ್ಳದ ವಿಷಯವನ್ನೂ ಮಾತನಾಡಿದರು. ಲಂಡನ್ನಿನ ಪತ್ರಕರ್ತರು ಮೊದಲನೆಯದನ್ನಷ್ಟೇ ಕೇಳಿಸಿಕೊಂಡರು. ಇನ್ನೊಂದು ಸಂಗತಿಯೆಂದರೆ, ಅಲ್ಲಿನ ಪಾಕಿಸ್ತಾನಿ ಮೂಲದವರಲ್ಲಿ ಬಿರಾದರಿ ಎಂಬ ಕುಲದ ಕಟ್ಟು ಇದೆ. ನಮ್ಮ ಕಡೆ ಊರ ಯಜಮಾನರು ಮಾತು ಕೊಟ್ಟರೆ ಕೇರಿಯ ಮತವೆಲ್ಲ ಒಂದೇ ಕಡೆ ಬೀಳುತ್ತಿತ್ತಲ್ಲ, ಹಾಗೆಯೇ ಅಲ್ಲಿನ ಹಿರಿಯರು ಲೇಬರ್ ಪಕ್ಷಕ್ಕೆ ಮತ ಒದಗಿಸುತ್ತಿದ್ದರು. ಆ ಸಲ ಮನೆಯ ಹುಡುಗರೂ ಹೆಣ್ಣುಮಕ್ಕಳೂ ಹಿರಿಯರ ಮಾತನ್ನು ಬದಿಗಿಟ್ಟು ಮತ ಹಾಕಿದರು. ಫಲಿತಾಂಶ ಬಂದಾಗ ಗ್ಯಾಲೋವೇ ಗೆದ್ದಿದ್ದರು, ಅಂತರ ಹತ್ತು ಸಾವಿರ ದಾಟಿತ್ತು. ಬೆಕ್ಕಿನ ವಿಷಯ ನನ್ನ ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು, ನಗುತ್ತಲೂ ಇದ್ದರು. ಆದರೆ ಮತ ಹಾಕುವಾಗ ಅದು ಲೆಕ್ಕಕ್ಕೆ ಬರಲಿಲ್ಲ.

ಮುಗಿದದ್ದು ಆಮೇಲೆ, ಮತ್ತು ಬೇರೆ ಕಾರಣಕ್ಕೆ. ಗೆದ್ದ ಮೇಲೆ ಅವರು ಹೆಚ್ಚಾಗಿ ಕಂಡದ್ದು ಪರದೆಯ ಮೇಲೆ. ಇರಾನಿನ ಪ್ರೆಸ್ ಟಿವಿ, ರಷ್ಯಾದ ಆರ್‌ಟಿ ಎಂದು ಒಂದಲ್ಲ ಒಂದು ವಾಹಿನಿಯಲ್ಲಿ ಕಾರ್ಯಕ್ರಮ ಇದ್ದೇ ಇರುತ್ತಿತ್ತು. ಅವರ ರೆಸ್ಪೆಕ್ಟ್ ಪಕ್ಷದಿಂದ ನಗರಸಭೆಗೆ ಗೆದ್ದಿದ್ದ ಐವರೂ ಮರುವರ್ಷವೇ ಪಕ್ಷ ಬಿಟ್ಟರು. 2015ರಲ್ಲಿ ಲೇಬರ್ ಪಕ್ಷದ ನಾಜ್ ಶಾ ಎದುರು ಗ್ಯಾಲೋವೇ ಹನ್ನೊಂದು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಹಳ್ಳ ಮಾತ್ರ ಅವರ ಮಾತಿನಿಂದ ತುಂಬಲಿಲ್ಲ.

ಗಂಗೋತ್ರಿಯ ವಿದ್ಯಾರ್ಥಿನಿ:

ಅಣ್ಣಾ, ಬಿರಾದರಿಯ ವಿಷಯ ನಾನು ಓದಿದ ಯಾವ ಲೇಖನದಲ್ಲಿಯೂ ಇಷ್ಟು ತಿಳಿಯಾಗಿರಲಿಲ್ಲ, ಧನ್ಯವಾದಗಳು. ಇನ್ನೊಂದು ಅನುಮಾನ: 2003ರ ಅಕ್ಟೋಬರಿನಲ್ಲಿ ಲೇಬರ್ ಪಕ್ಷ ಉಚ್ಚಾಟಿಸಿದ ಮೇಲೂ ಅವರು ಸಂಸತ್ತಿನಲ್ಲಿ ಉಳಿದದ್ದು ಹೇಗೆ?

ನಿವೃತ್ತ ರಾಜ್ಯಶಾಸ್ತ್ರ ಮೇಷ್ಟ್ರು (ಮಂಡ್ಯ):

ನಮ್ಮಲ್ಲಿ 1985ರಿಂದ ಇರುವ ಪಕ್ಷಾಂತರ ನಿಷೇಧ ಕಾನೂನಿನಂಥದ್ದು ಬ್ರಿಟನ್ನಿನಲ್ಲಿ ಇಲ್ಲಮ್ಮ. ಅಲ್ಲಿ ಸ್ಥಾನ ಸದಸ್ಯನದೇ ಹೊರತು ಪಕ್ಷದ್ದಲ್ಲ. ಇರಾಕ್ ಯುದ್ಧದ ಬಗ್ಗೆ ಆಡಿದ ಮಾತುಗಳಿಗಾಗಿ ಹೊರಹಾಕಲ್ಪಟ್ಟ ಗ್ಯಾಲೋವೇ, ಗ್ಲಾಸ್ಗೋದ ಅದೇ ಸ್ಥಾನದಲ್ಲಿ ಕುಳಿತೇ 2004ರಲ್ಲಿ ರೆಸ್ಪೆಕ್ಟ್ ಪಕ್ಷವನ್ನು ಕಟ್ಟಿದರು. ಮರುವರ್ಷ ಲಂಡನ್ನಿಗೆ ಬಂದು, ಬೆತ್ನಲ್ ಗ್ರೀನ್ ಅಂಡ್ ಬೋ ಕ್ಷೇತ್ರದಲ್ಲಿ ಲೇಬರ್ ಪಕ್ಷದ ಊನಾ ಕಿಂಗ್ ಅವರನ್ನು 823 ಮತಗಳಿಂದ ಸೋಲಿಸಿದರು.

ಇಬ್ಬರ ಮಾತಿಗೂ ಒಂದು ತಿದ್ದುಪಡಿ. ಅವರನ್ನು ಬರೀ ಟಿವಿಯ ಮನುಷ್ಯನೆಂದು ನೋಡುವುದು ಸರಿಯಲ್ಲ. ಡಂಡೀ ಊರಿನಲ್ಲಿ ಹುಟ್ಟಿ, 1987ರಲ್ಲಿ ಗ್ಲಾಸ್ಗೋ ಹಿಲ್‌ಹೆಡ್‌ನಲ್ಲಿ ಮಾಜಿ ಗೃಹ ಸಚಿವ ರಾಯ್ ಜೆಂಕಿನ್ಸ್‌ರಂಥವರನ್ನು ಸೋಲಿಸಿದಾಗ ಅವರ ಬಳಿ ಯಾವ ಕಾರ್ಯಕ್ರಮವೂ ಇರಲಿಲ್ಲ. ಹಾಗೆಂದು ಅವರನ್ನು ಬರೀ ಮಾಧ್ಯಮದ ಬಲಿಪಶುವೆಂದೂ ಬರೆಯಬೇಡಿ. 2007ರಲ್ಲಿ ಕಾಮನ್ಸ್ ಸಭೆ ಅವರನ್ನು 18 ದಿನ ಅಮಾನತು ಮಾಡಿದ್ದು, ಇರಾಕಿನ ಒಬ್ಬ ಅಸ್ವಸ್ಥ ಬಾಲಕಿಯ ಹೆಸರಿನಲ್ಲಿ ಅವರು ಸ್ಥಾಪಿಸಿದ್ದ ಮರಿಯಮ್ ಅಪೀಲ್ ನಿಧಿಗೆ ಸಂಬಂಧಿಸಿದ ವಿಚಾರಣೆಯ ನಂತರ. ಸ್ವಂತಕ್ಕೆ ಹಣ ಪಡೆದರೆಂದು ಅಲ್ಲಿ ಸಾಬೀತಾಗಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. 2009ರಲ್ಲಿ ಪ್ರಸಾರ ನಿಯಂತ್ರಕ ಆಫ್‌ಕಾಮ್, ಪ್ರೆಸ್ ಟಿವಿಯ ಅವರ ಕಾರ್ಯಕ್ರಮಗಳು ನಿಷ್ಪಕ್ಷಪಾತದ ನಿಯಮ ಮುರಿದಿವೆ ಎಂದಿತು. 2019ರಲ್ಲಿ ಟಾಟನ್‌ಹ್ಯಾಮ್ ಫುಟ್‌ಬಾಲ್ ತಂಡ ಸೋತಾಗ ಮಾಡಿದ ಟ್ವೀಟ್ ಯಹೂದಿ ದ್ವೇಷದ್ದೆಂದು ಟಾಕ್ ರೇಡಿಯೊ ಅವರನ್ನು ಕೈಬಿಟ್ಟಿತು. ಅವರು ಆ ಆರೋಪವನ್ನು ಒಪ್ಪಲಿಲ್ಲ. (ಆಕಾಶವಾಣಿ ಎಂಬ ಹೆಸರಿನಿಂದ 1935ರಲ್ಲಿಯೇ ಬಾನುಲಿ ನಡೆಸಿದ ಊರಿನವರು ನೀವು, ಮಧ್ಯರಾತ್ರಿ ಕೇಳುಗರ ಫೋನ್ ಕರೆಗಳಿಗೆ ಉತ್ತರಿಸುವ ಅವರ ರೇಡಿಯೊ ಧ್ವನಿಯನ್ನು ಒಮ್ಮೆ ಕೇಳಿ. ಅವರ ಕಸುಬು ಗೊತ್ತಾಗುವುದು ಅಲ್ಲಿ.)

ಮಂಡ್ಯದಲ್ಲಿ ತೆರೆಯಿಂದ ಸಂಸತ್ತಿಗೆ ಹೋದವರನ್ನು ಅಂಬರೀಶ್ ಕಾಲದಿಂದ ಕಂಡಿದ್ದೇವೆ. ಇವರದು ತಿರುಗುಮುರುಗು ದಾರಿ. ಆದರೆ ದೊಡ್ಡ ಪಕ್ಷಗಳ ಮೇಲೆ ಜನ ಮುನಿದಾಗ ಗೆಲುವು ಎಲ್ಲಿಂದ ಬರುತ್ತದೆಂಬುದು 2019ರಲ್ಲಿ ಸುಮಲತಾ ಪಕ್ಷೇತರರಾಗಿ ಗೆದ್ದುದನ್ನು ಕಂಡ ನಮಗೆ ಹೊಸತಲ್ಲ. 2024ರ ಫೆಬ್ರುವರಿ 29ರ ರಾಚ್‌ಡೇಲ್ ಉಪಚುನಾವಣೆಯಲ್ಲಿ, ಲೇಬರ್ ಪಕ್ಷ ತನ್ನ ಅಭ್ಯರ್ಥಿಯನ್ನು ತಾನೇ ಕೈಬಿಟ್ಟಿತು. ನಾಮಪತ್ರದ ಗಡುವು ಮುಗಿದಿದ್ದರಿಂದ ಮತಪತ್ರದಲ್ಲಿ ಆತನ ಹೆಸರು ಲೇಬರ್ ಎಂದೇ ಉಳಿಯಿತು. ಗಾಜಾ ವಿಷಯ ಮುಂದಿಟ್ಟ ಗ್ಯಾಲೋವೇ 12,335 ಮತ ಪಡೆದು ಗೆದ್ದರು. ಮರುದಿನ ಸಂಜೆ ಪ್ರಧಾನಿ ರಿಷಿ ಸುನಕ್ ಡೌನಿಂಗ್ ಸ್ಟ್ರೀಟ್ ಮುಂದೆ ನಿಂತು ಆ ಗೆಲುವನ್ನು ಆತಂಕಕಾರಿ ಎಂದರು. ನಾಲ್ಕು ತಿಂಗಳಿಗೆ ಸಾರ್ವತ್ರಿಕ ಚುನಾವಣೆ ಬಂತು, ಸೋತರು. ಸೋಲಿಸಿದ ಪಾಲ್ ವಾ ಪತ್ರಕರ್ತರಾಗಿದ್ದವರು.

ಗಂಗೋತ್ರಿಯ ವಿದ್ಯಾರ್ಥಿನಿ:

ಸರ್, ಹಾಗಾದರೆ ಆರಂಭದಲ್ಲಿ ಯಾವ ದೃಶ್ಯ ತೋರಿಸಲಿ? ಸೆನೆಟ್ಟೋ, ಬೆಕ್ಕೋ?

ನಿವೃತ್ತ ರಾಜ್ಯಶಾಸ್ತ್ರ ಮೇಷ್ಟ್ರು:

ಎರಡೂ ಬೇಡ. 2005ರ ಫಲಿತಾಂಶದ ರಾತ್ರಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಮಾಡಿದ ಸಂದರ್ಶನ ಹಾಕಿ. ಸಂಸತ್ತಿನಲ್ಲಿದ್ದ ಕೆಲವೇ ಕಪ್ಪು ಮಹಿಳೆಯರಲ್ಲಿ ಒಬ್ಬರಾದ ಊನಾ ಕಿಂಗ್ ಅವರನ್ನು ಹೊರದಬ್ಬಿದ್ದಕ್ಕೆ ಹೆಮ್ಮೆಯಿದೆಯೇ ಎಂದು ಪ್ಯಾಕ್ಸ್‌ಮನ್ ಮತ್ತೆ ಮತ್ತೆ ಕೇಳುತ್ತಾರೆ, ಇವರು ಆ ಪ್ರಶ್ನೆಯೇ ಅಸಂಬದ್ಧವೆಂದು ಹಟ ಹಿಡಿಯುತ್ತಾರೆ, ಕೊನೆಗೆ ಎದ್ದು ಹೋಗುತ್ತಾರೆ. ತರಗತಿಯಲ್ಲಿ ಯಾರು ಯಾರ ಕಡೆ ನಿಲ್ಲುತ್ತಾರೆಂದು ಕೈ ಎತ್ತಿಸಿ, ಆಮೇಲೆ ಮಾತು ಆರಂಭಿಸಿ.